ಕಾರ್ಮಿಕ ಚಳವಳಿ ಚಾರ್ಟ್ ಸೆಟ್: ತಗೊಳ್ಳಿ, ಆದರೆ ಐದನೇದನ್ನು ತಿದ್ದಿ ಹಾಕಿ

ರಾಯಚೂರಿನ ಒಂದು ಸ್ಟೇಷನರಿ ಅಂಗಡಿಯಲ್ಲಿ ತಗೊಂಡ ಸೆಟ್ ಇದು. ಎಂಟು ಚಾರ್ಟ್, 720 ರೂಪಾಯಿ. ನಾನು ಲಿಂಗಸುಗೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಪಠ್ಯದಲ್ಲಿ ಕಾರ್ಮಿಕ ಸಂಘಗಳ ಬಗ್ಗೆ ಇರುವುದು ತೀರಾ ಕಡಿಮೆ, ಅದಕ್ಕೇ ಇದು ಬೇಕಾಯಿತು.

ಕಾಗದ ದಪ್ಪ ಇದೆ, ಅಕ್ಷರ ಹಿಂದಿನ ಬೆಂಚಿಗೂ ಕಾಣುತ್ತದೆ. ಚಿತ್ರಗಳು ಸುಮಾರು. ಎಂಟು ಗಂಟೆ ಕೆಲಸಕ್ಕಾಗಿ ಷಿಕಾಗೋದಲ್ಲಿ ನಡೆದ ಹೋರಾಟದ ಚಾರ್ಟಿನಲ್ಲಿ 1886ರ ಜನರಿಗೆ ಈಗಿನ ಕಾಲದ ಹೆಲ್ಮೆಟ್ ಹಾಕಿಸಿದ್ದಾರೆ, ಹೋಗಲಿ ಬಿಡಿ.

ಎಲ್ಲಕ್ಕಿಂತ ಚೆನ್ನಾಗಿರೋದು ಎರಡನೇದು. ನಾರಾಯಣ ಮೇಘಾಜಿ ಲೋಖಂಡೆ ಅವರದು. 1884ರಲ್ಲಿ ಮುಂಬೈ ಗಿರಣಿ ಕಾರ್ಮಿಕರನ್ನು ಸೇರಿಸಿದ್ದು, 1890ರಲ್ಲಿ ಅವರಿಗೆ ಭಾನುವಾರದ ರಜೆ ಸಿಕ್ಕಿದ್ದು, ಎಲ್ಲ ಸರಳವಾಗಿದೆ. ರಜೆ ಅಂದ ಕೂಡಲೇ ಮಕ್ಕಳಿಗೆ ಹುರುಪು ಬರುತ್ತದೆ. ಒಬ್ಬ ಹುಡುಗ ಎದ್ದು ನಿಂತು, "ನಮ್ಮಪ್ಪ ಹಮಾಲಿ ಮಾಡ್ತಾನ್ರಿ ಸರ, ಅವಗ ಯಾವ ವಾರ ಸೂಟಿ?" ಅಂದ. ಚೀಲದ ಲೆಕ್ಕದಲ್ಲಿ ಕೂಲಿ ಸಿಗುವವನಿಗೆ ಸೂಟಿ ಅಂದರೆ ಆ ದಿನದ ದುಡ್ಡೂ ಇಲ್ಲ, ಅಷ್ಟೇ. ಇದನ್ನು ಬೋರ್ಡ್ ಮೇಲೆ ಲೆಕ್ಕ ಮಾಡಿ ತೋರಿಸುವಷ್ಟರಲ್ಲಿ ಪೀರಿಯಡ್ಡೇ ಮುಗಿಯಿತು.

ಐದನೇ ಚಾರ್ಟಿನಲ್ಲಿ ತಪ್ಪಿದೆ. 1920ರಲ್ಲಿ ಎಐಟಿಯುಸಿ (ದೇಶದ ಕಾರ್ಮಿಕ ಸಂಘಗಳ ಒಕ್ಕೂಟ) ಶುರುವಾದಾಗ ಅಧ್ಯಕ್ಷರು ನೆಹರು ಅಂತ ಹಾಕಿದ್ದಾರೆ. ಅಲ್ಲ, ಲಾಲಾ ಲಜಪತ ರಾಯ್. ನೆಹರು ಅಧ್ಯಕ್ಷರಾಗಿದ್ದು 1929ರ ನಾಗಪುರ ಅಧಿವೇಶನದಲ್ಲಿ. ಮೇಲೊಂದು ಚೀಟಿ ಅಂಟಿಸಿದ್ದೇನೆ.

ಮದ್ರಾಸಿನ ಚಾರ್ಟಿನಲ್ಲಿ ಮುಖ್ಯ ವಿಷಯವೇ ಬಿಟ್ಟುಹೋಗಿದೆ. 1918ರಲ್ಲಿ ಬಿ.ಪಿ. ವಾಡಿಯಾ ಅಲ್ಲಿನ ಗಿರಣಿ ಕಾರ್ಮಿಕರನ್ನು ಸೇರಿಸಿ ಮದ್ರಾಸ್ ಲೇಬರ್ ಯೂನಿಯನ್ ಕಟ್ಟಿದರು, ಸರಿ. ಆಮೇಲೆ ಗಿರಣಿ ಮಾಲೀಕರು ಕೋರ್ಟಿಗೆ ಹೋಗಿ ಅವರ ಮೇಲೆ ತಡೆಯಾಜ್ಞೆ ತಂದರು, ಸಂಘ ಕಟ್ಟಿದವರಿಗೆ ಕಾನೂನಿನ ರಕ್ಷಣೆ ಬೇಕು ಅನ್ನೋ ಕೂಗು ಅಲ್ಲಿಂದ ಜೋರಾಯಿತು, 1926ರ ಕಾರ್ಮಿಕ ಸಂಘಗಳ ಕಾಯ್ದೆ ಬಂತು. ಏಳು ಜನ ಸಹಿ ಹಾಕಿ ಸಂಘ ನೋಂದಾಯಿಸಬಹುದು ಅಂತಾಯಿತು. ಚಾರ್ಟಿನಲ್ಲಿ 1918 ಆದ ಕೂಡಲೇ 1926 ಬರುತ್ತದೆ, ನಡುವೆ ಏನಾಯಿತು ಅಂತ ಒಂದು ಸಾಲೂ ಇಲ್ಲ. ಆಗ ಬಳ್ಳಾರಿ ಬ್ರಿಟಿಷರ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು, ಕೊಪ್ಪಳ ನಿಜಾಮರ ಕೈಲಿದ್ದವು. ಅಂದರೆ ಆ ಕಾಯ್ದೆ ಬಳ್ಳಾರಿಯವರಿಗೆ ಅನ್ವಯಿಸುತ್ತಿತ್ತು, ನಮಗಿಲ್ಲ. ಇಂಥದ್ದನ್ನು ನಾವೇ ಸೇರಿಸಿ ಹೇಳಬೇಕು.

ಕೊನೆಯ ಚಾರ್ಟ್ ಕರ್ನಾಟಕದ್ದು, ಅಂದರೆ ಬೆಂಗಳೂರಿನದು. 1980-81ರ ಸಾರ್ವಜನಿಕ ಉದ್ದಿಮೆಗಳ ಮುಷ್ಕರ ಹೇಳಿ ಮುಗಿಸಿದ್ದಾರೆ. ನಮ್ಮ ತಾಲ್ಲೂಕಿನಲ್ಲೇ ಹಟ್ಟಿ ಚಿನ್ನದ ಗಣಿ ಇದೆ, ಅಲ್ಲಿ ಸಂಘದ ಚುನಾವಣೆ ಬಂದರೆ ಊರೆಲ್ಲ ಅದೇ ಮಾತು. ಅದಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವವರಿಲ್ಲ. 2002ರಲ್ಲಿ ಬಿಸಿಯೂಟ ಮೊದಲು ಶುರುವಾಗಿದ್ದೇ ನಮ್ಮ ಕಡೆಯ ಜಿಲ್ಲೆಗಳಲ್ಲಿ. ಅಡುಗೆ ಮಾಡುವ ಅಕ್ಕಂದಿರು ಗೌರವಧನ ಜಾಸ್ತಿ ಮಾಡಿ ಅಂತ ಮುಷ್ಕರಕ್ಕೆ ಹೋದಾಗ ಮಕ್ಕಳಿಗೆ ಅದು ಪಾಠಕ್ಕಿಂತ ಬೇಗ ಅರ್ಥವಾಗುತ್ತದೆ. ಅವರದೂ ಒಂದು ಚಿತ್ರ ಹಾಕಬಹುದಿತ್ತು ಅಲ್ವಾ?

"ಶಾಲೆಯೊಳಗೆ ಯೂನಿಯನ್ ರಾಜಕೀಯ ಯಾಕ್ರೀ?" ಅಂತ ಸ್ಟಾಫ್ ರೂಮಿನಲ್ಲಿ ಕೇಳುವವರು ನಿಮಗೂ ಸಿಗಬಹುದು. ಶಿಕ್ಷಕರ ಸಂಘದ ಚುನಾವಣೆಯಲ್ಲಿ ಎಲ್ಲರಿಗಿಂತ ಮುಂದೆ ಓಡಾಡೋರು ಅವರೇ.

ಐದಕ್ಕೆ ಮೂರು ಕೊಡುತ್ತೇನೆ. ಎಂಟು, ಒಂಬತ್ತನೇ ತರಗತಿಗೆ ಸಾಕು, ಹತ್ತನೇದವರಿಗೆ ಜೊತೆಗೆ ನೋಟ್ಸ್ ಕೊಡಬೇಕಾಗುತ್ತದೆ. ಶಾಲೆಯ ಅನುದಾನದಲ್ಲಿ ತಗೊಳ್ಳುವವರು ಜಿಎಸ್‌ಟಿ ಬಿಲ್ ಅಲ್ಲೇ ನಿಂತು ಬರೆಸಿಕೊಳ್ಳಿ, ನನಗೆ ಬಿಳಿ ಚೀಟಿ ಕೊಟ್ಟು ಕಳಿಸಿದ್ದರು, ಅದನ್ನು ಬದಲಾಯಿಸಲು ಮತ್ತೆ ಬಸ್ ಹತ್ತಬೇಕಾಯಿತು.