ಕರಿ ಮರಳೋ, ಕಂಬದ ಕಲ್ಲೋ?

ಐಸ್‌ಲ್ಯಾಂಡಿನ ರೇನಿಸ್‌ಫ್ಯಾರಾ ಬೀಚಿನ ಫೋಟೋ ತೋರಿಸಿ ಅಕ್ಕನ ಮಗ ಕೇಳಿದ, "ಮಾಮ, ಇಲ್ಲಿಗೆ ಹೋಗೋಣ್ವಾ?" ಕರಿ ಮರಳು, ಪಕ್ಕದಲ್ಲೇ ಜೋಡಿಸಿಟ್ಟ ಹಾಗೆ ನಿಂತ ಕಂಬದ ಕಲ್ಲುಗಳು. ನಮ್ಮ ಸಾಗರದ ಎರಡು ಎಕರೆ ಅಡಿಕೆ ತೋಟದ ದುಡ್ಡಿಗೆ ಅದು ಆಗೋ ಮಾತಲ್ಲ. ಆದರೆ ಘಟ್ಟ ಇಳಿದರೆ ನಮಗೂ ಎರಡೂ ಇವೆ, ಬೇರೆ ಬೇರೆ ಕಡೆ ಅಷ್ಟೇ. ಕೊಯ್ಲು ಮುಗಿಸಿ ಹೊರಟೆವು.

ಮೊದಲು ಮಲ್ಪೆ ಕಡೆ. 2025ರಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಶರಾವತಿ ಹಿನ್ನೀರು ದಾಟಲು ಲಾಂಚ್ ಕಾಯೋದು ತಪ್ಪಿದೆ. ಕೊಲ್ಲೂರು, ಬೈಂದೂರು ದಾಟಿದರೆ ಮರವಂತೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಸಮುದ್ರದ ಬಾಗಿಲಿಗೆ ಬಂದ ಹೊಳೆ ಮನಸ್ಸು ಬದಲಿಸಿ ತಿರುಗಿ ಗಂಗೊಳ್ಳಿಯವರೆಗೆ ಹೋಗುತ್ತದೆ! ಆದರೆ ಇದು ಕಿಟಕಿಯಿಂದ ನೋಡೋ ಬೀಚು. ಇಳಿದರೆ ಲಾರಿ ಹಾರ್ನ್, ಅಲೆ ತಡೆಯಲು ಹಾಕಿದ ಬಂಡೆ. ಹತ್ತು ನಿಮಿಷ ಸಾಕು.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪ. ಫೋಟೋಕ್ಕೆ ಇದನ್ನು ಮೀರಿಸೋದು ಯಾವುದೂ ಇಲ್ಲ. ಐದು, ಆರು, ಏಳು ಮೂಲೆಯ ಕಲ್ಲಿನ ಕಂಬಗಳು. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಕಳಚಿಕೊಳ್ಳುವ ಕಾಲಕ್ಕೆ ಉಕ್ಕಿದ ಲಾವಾ ಆರುತ್ತಾ ಕುಗ್ಗಿ, ಕೆರೆ ಒಣಗಿದಾಗ ಕೆಸರು ಬಿರಿದ ಹಾಗೆ ಬಿರಿದದ್ದು. ಕಾಲಡಿಯಲ್ಲಿ ಮರಳಿಗಿಂತ ಚಿಪ್ಪೇ ಜಾಸ್ತಿ. ಆದರೆ ಪ್ರತಿ ಕಂಬದ ಮೇಲೂ ಒಬ್ಬರು ಸೆಲ್ಫಿ ತೆಗೀತಾ ನಿಂತಿದ್ದರು. ದೋಣಿಯವನು ಕೂಗುವ ಹೊತ್ತಿಗೆ ನಾನು ಒಂದು ಕಲ್ಲಿನ ಮೇಲೂ ಸರಿಯಾಗಿ ಕೂತಿರಲಿಲ್ಲ. ಮಳೆಗಾಲದಲ್ಲಿ ದೋಣಿಯೇ ಇಲ್ಲ, ನೆನಪಿರಲಿ.

ಎರಡು ವಾರ ಬಿಟ್ಟು ಜೋಗದ ದಾರಿಯಲ್ಲಿ ಹೊನ್ನಾವರಕ್ಕೆ ಇಳಿದು, ಕಾರವಾರ ದಾಟಿ ಮಾಜಾಳಿಗೆ ಹೋದೆವು. ಅಲ್ಲಿಂದ ಗುಡ್ಡ ಹತ್ತಿ ಇಳಿದರೆ ಕರಿ ಮರಳಿನ ತೀಳಮಾತಿ ಬೀಚು. ಕೊಂಕಣಿ ಹೆಸರೇ ಹೇಳುತ್ತದೆ, ಎಳ್ಳಿನಂಥ ಮಣ್ಣು. ಅಂಗಡಿ ಇಲ್ಲ, ನೀರು ನಾವೇ ಹೊತ್ತೆವು. ದೂರದಿಂದ ನೋಡಿದಾಗ ಸುಮ್ನೆ ಕೊಳಕು ಮರಳು ಅನ್ನಿಸಿತು. 'ಇದಕ್ಕಾ ಇಷ್ಟು ದೂರ?' ಅಂತ ಭಾವ ಮುಖ ಸಿಂಡರಿಸಿದರು. ಒದ್ದೆ ಅಂಗೈಯಲ್ಲಿ ತೆಗೆದುಕೊಂಡ ಮೇಲೇ ಗೊತ್ತಾಗಿದ್ದು. ಪುಡಿ ಅಲ್ಲ, ಬಿಡಿಬಿಡಿ ಕಾಳು. ಅಂಗೈ ಓರೆ ಮಾಡಿದರೆ ಒಂದೊಂದಾಗಿ ಜಾರುತ್ತವೆ. ಚಪ್ಪಲಿ ಬಿಟ್ಟು ನೀರಿಗೆ ಇಳಿದಿದ್ದೇ ತಪ್ಪಾಯಿತು. ಮಧ್ಯಾಹ್ನದ ಬಿಸಿಲಿಗೆ ಕರಿ ಮರಳು ಕಾವಲಿಯಾಗಿತ್ತು, ವಾಪಸ್ ಕುಣಿಯುತ್ತಾ ಬಂದೆ.

ಅಮ್ಮನನ್ನು ಕರೆದುಕೊಂಡು ಹೋಗೋದಾದರೆ ಮರವಂತೆ. ಮಕ್ಕಳ ಗುಂಪಿಗೆ ಸೇಂಟ್ ಮೇರಿಸ್, ಅದೂ ವಾರದ ನಡುವೆ, ಮೊದಲ ದೋಣಿಗೆ. ನನ್ನನ್ನು ಕೇಳಿದರೆ ತೀಳಮಾತಿ, ಬೆಳಿಗ್ಗೆ ಬೇಗ. ಭಾವನಿಗೆ ಈಗಲೂ ಒಪ್ಪಿಗೆ ಇಲ್ಲ.

ಮನೆಗೆ ಬಂದ ಮರುದಿನ ಹುಡುಗನ ಚಡ್ಡಿ ಒಗೆಯಲು ಜೇಬು ಕೊಡವಿದ ಅಮ್ಮ ಬಚ್ಚಲಿನಿಂದಲೇ ಕೂಗಿದರು, "ಸಂಕ್ರಾಂತಿ ಎಳ್ಳು ಇನ್ನೂ ಜೇಬಲ್ಲಿ ಇಟ್ಕೊಂಡಿದೀಯೇನೋ?"