ಬೈಬಲಿನ ಗ್ರೀಕ್ ಪದ ನೂಸ್‌ಗೆ ಕನ್ನಡದಲ್ಲಿ ಏನನ್ನೋದು? ಮನಸ್ಸು, ಬುದ್ಧಿ, ತಿಳುವಳಿಕೆ ಮೂರೂ ಹಾಕಿ ನೋಡಿದೆ

ಶುರುವಾಗಿದ್ದು ನಮ್ಮನೆ ಬೈಬಲ್ ಸ್ಟಡಿಲಿ. ಪೌಲ ರೋಮಾಪುರದವರಿಗೆ ಬರೆದ ಪತ್ರ 12:2 ಓದ್ತಿದ್ವಿ, ನಮ್ಮ ಹಳೇ ಸತ್ಯವೇದದಲ್ಲಿ, ಅಂದ್ರೆ ಕನ್ನಡ ಬೈಬಲಲ್ಲಿ, ಅಲ್ಲಿ "ನೂತನ ಮನಸ್ಸು" ಅಂತಿದೆ. ಒಬ್ರು ಆಂಟಿ, "ಮನಸ್ಸು ದಿನಾ ಹೊಸದಾಗುತ್ತಲ್ಲಪ್ಪ, ಬೆಳಗ್ಗೆ ಒಂಥರ ಸಂಜೆ ಒಂಥರ, ಅದಕ್ಕೆ ಪೌಲ ಬಂದು ಹೇಳ್ಬೇಕಾ" ಅಂದ್ಬಿಟ್ರು. ಎಲ್ರೂ ನಕ್ಕರು, ಆದ್ರೆ ನನಗೆ ಆ ರಾತ್ರಿ ನಿದ್ದೆ ಬರ್ಲಿಲ್ಲ.

ಮೂಲ ಗ್ರೀಕಲ್ಲಿ ಅಲ್ಲಿರೋ ಪದ ನೂಸ್. ಬೈಬಲ್ ಪದಗಳಿಗೆಲ್ಲಾ ನಂಬರ್ ಹಾಕಿರೋ ಸ್ಟ್ರಾಂಗ್ಸ್ ಪದಸೂಚಿಯಲ್ಲಿ ಅದರ ನಂಬರ್ 3563. ಇಡೀ ಹೊಸ ಒಡಂಬಡಿಕೆಯಲ್ಲಿ ಬರೋದು 24 ಸಲ ಅಷ್ಟೇ, ಅದ್ರಲ್ಲಿ 21 ಪೌಲನ ಹೆಸರಿನ ಪತ್ರಗಳಲ್ಲೇ, ಉಳಿದಿದ್ದು ಲೂಕನ ಪುಸ್ತಕದಲ್ಲಿ ಒಂದು, ಪ್ರಕಟನೆ ಅನ್ನೋ ಪುಸ್ತಕದಲ್ಲಿ ಎರಡು. 24 ತಾನೇ ಅಂತ ಎಲ್ಲಾ ವಚನ ಒಂದು ನೋಟ್‌ಬುಕ್ಕಲ್ಲಿ ಬರ್ಕೊಂಡು, ನೂಸ್ ಇರೋ ಕಡೆ ಜಾಗ ಖಾಲಿ ಬಿಟ್ಟು, ಒಂದೊಂದು ವಾರ ಒಂದೊಂದು ಕನ್ನಡ ಪದ ಹಾಕಿ ಜೋರಾಗಿ ಓದಿದ್ವಿ. ಕಿವಿಗೆ ಹೇಗೆ ಕೇಳುತ್ತೆ ಅನ್ನೋದೇ ಪರೀಕ್ಷೆ.

ಮೊದಲು ಮನಸ್ಸು. ಇದು ಗೆಲ್ಲೋ ಜಾಗಗಳಿವೆ, 1 ಕೊರಿಂಥ 1:10ರಲ್ಲಿ ಜಗಳ ಬಿಟ್ಟು ಎಲ್ರೂ ಒಂದೇ ನೂಸ್‌ನವರಾಗಿರಿ ಅನ್ನೋ ಕಡೆ "ಒಂದೇ ಮನಸ್ಸು" ಅಂದ್ರೆ ಮುಗೀತು, ಅದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ. ಸೋಲೋದು ಪ್ರಕಟನೆ 13:18ರಲ್ಲಿ. ನೂಸ್ ಇರೋನು ಮೃಗದ ಸಂಖ್ಯೆ ಲೆಕ್ಕ ಹಾಕಲಿ, ಅದು 666 ಅನ್ನೋ ವಚನ. "ಮನಸ್ಸಿದ್ದವನು ಲೆಕ್ಕ ಹಾಕಲಿ" ಅಂತ ಓದಿದ್ರೆ ಇಷ್ಟ ಇದ್ರೆ ಹಾಕಿ ಇಲ್ಲಾಂದ್ರೆ ಬಿಡಿ ಅನ್ನೋ ಹಾಗೆ ಕೇಳುತ್ತೆ! ಲೂಕ 24:45ರಲ್ಲೂ ಅಷ್ಟೇ, ಎದ್ದು ಬಂದ ಯೇಸು ಶಿಷ್ಯರಿಗೆ ಶಾಸ್ತ್ರ ಅರ್ಥ ಆಗೋ ಹಾಗೆ ಅವರ ನೂಸ್ ತೆರೆದ, ಅಲ್ಲಿ "ಮನಸ್ಸು ತೆರೆದ" ಅಂದ್ರೆ ನಮ್ಮ ಕಿವಿಗೆ ಮನಸ್ಸು ಬಿಚ್ಚಿ ಮಾತಾಡಿದ ಹಾಗಿರುತ್ತೆ. 1 ಕೊರಿಂಥ 14:14ರಲ್ಲಂತೂ ಅರ್ಥ ತಲೆಕೆಳಗಾಗುತ್ತೆ. ಅನ್ಯಭಾಷೆಯಲ್ಲಿ, ಅಂದ್ರೆ ಆತ್ಮಾವೇಶದಲ್ಲಿ ಬರೋ ಅರ್ಥವಾಗದ ಮಾತಲ್ಲಿ, ಪ್ರಾರ್ಥಿಸೋವಾಗ ಆತ್ಮ ಪ್ರಾರ್ಥಿಸುತ್ತೆ ಆದ್ರೆ ನೂಸ್‌ಗೆ ಫಲ ಸಿಗಲ್ಲ ಅಂತ ಪೌಲ. ಅಲ್ಲಿ ಮನಸ್ಸು ಅಂತ ಹಾಕಿದ್ರೆ ಆ ಮನುಷ್ಯ ಮನಸ್ಸಿಟ್ಟು ಪ್ರಾರ್ಥನೇನೇ ಮಾಡ್ಲಿಲ್ಲ ಅಂತ ಬೈದ ಹಾಗಾಯ್ತು, ಪೌಲ ಹೇಳಿದ್ದು ಅದಲ್ವೇ ಅಲ್ಲ.

ತಿಳುವಳಿಕೆ ಬಗ್ಗೆ ಜಾಸ್ತಿ ಹೇಳೋಕಿಲ್ಲ. ಲೂಕದಲ್ಲಿ ಸರಿಯಾಗಿ ಕೂರುತ್ತೆ. ಫಿಲಿಪ್ಪಿ 4:7ರಲ್ಲಿ ನಮ್ಮ ಸತ್ಯವೇದ "ಎಲ್ಲಾ ಗ್ರಹಿಕೆಯನ್ನು ಮೀರುವ" ಶಾಂತಿ ಅನ್ನುತ್ತೆ, ಅದೂ ಇದೇ ಜಾತಿ ಪದ, ಅಲ್ಲಿಗೆ ಸೊಗಸಾಗಿದೆ. ಆದ್ರೆ ರೋಮಾ 7:25ರಲ್ಲಿ ನಾನು ನೂಸ್‌ನಿಂದ ದೇವರ ನಿಯಮಕ್ಕೆ ದಾಸ, ಶರೀರದಿಂದ ಪಾಪದ ನಿಯಮಕ್ಕೆ ದಾಸ ಅಂತಾನಲ್ಲ, ತಿಳುವಳಿಕೆಯಿಂದ ಯಾರಾದ್ರೂ ದಾಸರಾಗ್ತಾರಾ? ತಿಳುವಳಿಕೆ ಅನ್ನೋದು ಸಿಗೋ ಫಲ, ನೂಸ್ ಅನ್ನೋದು ಅದನ್ನ ಹಿಡಿಯೋ ಕೈ.

ಮಧ್ಯದಲ್ಲಿ ಒಬ್ರು "ಚಿತ್ತ" ಹಾಕೋಣ ಅಂದ್ರು. ಒಂದೇ ನಿಮಿಷಕ್ಕೆ ಬಿದ್ದೋಯ್ತು. ನಮ್ಮ ಸಭೆಗಳಲ್ಲಿ ಚಿತ್ತ ಅಂದ್ರೆ "ದೇವರ ಚಿತ್ತ", ಅದು ಗ್ರೀಕಿನ ಥೆಲೆಮಾ, ಅಂದ್ರೆ ಇಚ್ಛೆ, ಮತ್ತೆ ರೋಮಾ 12:2ರಲ್ಲಿ ನೂಸ್ ಹೊಸದಾದ್ರೆ ದೇವರ ಥೆಲೆಮಾ ಏನು ಅಂತ ಗೊತ್ತಾಗುತ್ತೆ ಅಂತಾನೇ ಇರೋದು. ಎರಡು ಕಡೆನೂ ಚಿತ್ತ ಹಾಕಿದ್ರೆ ಕಲಸುಮೇಲೋಗರ.

ಬುದ್ಧಿ ಮೇಲೆ ನನಗೆ ಮೊದಲು ನಂಬಿಕೆ ಇರ್ಲಿಲ್ಲ. ಎಕ್ಸಾಂ, ರ‍್ಯಾಂಕು, ಬುದ್ಧಿವಂತ ಹುಡುಗ ಅನ್ನೋ ವಾಸನೆ ಹೊಡೆಯುತ್ತೆ ಅಂದ್ಕೊಂಡಿದ್ದೆ. ನಮ್ಮ ಗುಂಪಲ್ಲಿ ಚಾಮರಾಜನಗರ ಕಡೆಯವರೊಬ್ರು ಇದಾರೆ, ಅವರಿಗೆ ಬುದ್ಧಿ ಅಂದ್ರೆ ಊರಲ್ಲಿ ದೊಡ್ಡೋರನ್ನ "ಏನ್ ಬುದ್ಧಿ" ಅಂತ ಕರೆಯೋದೇ ನೆನಪಾಗೋದು, ಅದಕ್ಕೂ ಸ್ವಲ್ಪ ಹೊತ್ತು ನಗು. ಆದ್ರೆ ಓದ್ತಾ ಓದ್ತಾ ವಚನಗಳು ಒಂದೊಂದಾಗಿ ಸರಿಹೋದ್ವು. ರೋಮಾ 1:28, ದೇವರನ್ನ ಬೇಡ ಅಂದವರನ್ನ ಕೆಲಸಕ್ಕೆ ಬಾರದ ನೂಸ್‌ಗೆ ಒಪ್ಪಿಸಿಬಿಟ್ಟ: ಕೆಟ್ಟ ಬುದ್ಧಿ. 1 ತಿಮೊಥೆ 6:5, 2 ತಿಮೊಥೆ 3:8: ಬುದ್ಧಿ ಕೆಟ್ಟ ಜನ. ಒಂದು ಅಕ್ಷರ ತಿದ್ದಬೇಕಿಲ್ಲ, ನಮ್ಮಜ್ಜಿ ಬೈತಿದ್ದ ಹಾಗೇ ಇದೆ. ಪ್ರಕಟನೆಯ ಲೆಕ್ಕಕ್ಕೂ ಆಯ್ತು, ಲೂಕಕ್ಕೂ ಆಯ್ತು, ಅನ್ಯಭಾಷೆಯಲ್ಲಿ ಹತ್ತು ಸಾವಿರ ಮಾತಿಗಿಂತ ನೂಸ್‌ನಿಂದ ಐದು ಮಾತು ಮೇಲು ಅನ್ನೋ 1 ಕೊರಿಂಥ 14:19ಕ್ಕೂ ಆಯ್ತು. ಯಾಕಂದ್ರೆ ಮಾತಾಡೋ ಕನ್ನಡದಲ್ಲಿ ಬುದ್ಧಿ ಅಂದ್ರೆ ಬರೀ ಐಕ್ಯೂ ಅಲ್ಲ ನೋಡಿ, ಬುದ್ಧಿ ಹೇಳು, ಬುದ್ಧಿ ಕಲಿ, ಮಕ್ಕಳಿಗೆ ಕೈ ಮುಗಿಸಿ "ದೇವರೇ ಒಳ್ಳೆ ಬುದ್ಧಿ ಕೊಡಪ್ಪಾ" ಅನ್ನಿಸ್ತೀವಲ್ಲ, ಅಲ್ಲಿ ಯೋಚನೆ, ನಡತೆ, ಯಾವ ಕಡೆ ಹೋಗ್ಬೇಕು ಅನ್ನೋ ಗುರಿ ಎಲ್ಲಾ ಸೇರಿದೆ. ನೂಸೂ ಹಾಗೇನೇ.

ಬುದ್ಧಿಯೂ ಎಡವುತ್ತೆ. "ಒಂದೇ ಬುದ್ಧಿಯವರಾಗಿರಿ" ಅಂದ್ರೆ "ಅಪ್ಪ ಮಗ ಇಬ್ರದ್ದೂ ಒಂದೇ ಬುದ್ಧಿ" ಅಂತ ಆಡ್ಕೊಂಡ ಹಾಗಾಗುತ್ತೆ. 2 ಥೆಸಲೊನೀಕ 2:2ರಲ್ಲಿ ಕರ್ತನ ದಿನ ಬಂದೇಬಿಡ್ತು ಅಂತ ಯಾರಾದ್ರೂ ಹೇಳಿದ್ರೆ ನೂಸ್‌ನಿಂದ ಅಲ್ಲಾಡಬೇಡಿ ಅಂತಿದೆ, ಅಲ್ಲಿಗೆ ಬುದ್ಧಿಗಿಂತ "ತಲೆ ಕೆಡಿಸ್ಕೋಬೇಡಿ" ಅನ್ನೋದೇ ಸರಿ, ಸಭೆಯಲ್ಲಿ ಓದೋಕಾಗಲ್ಲ ಅಷ್ಟೇ. ಎಲ್ಲಕ್ಕಿಂತ ಕಷ್ಟ 1 ಕೊರಿಂಥ 2:16. ಕರ್ತನ ನೂಸ್ ಯಾರಿಗೆ ಗೊತ್ತು ಅಂತ ಪೌಲ ಹಳೇ ಒಡಂಬಡಿಕೆಯ ಯೆಶಾಯ 40:13ನ್ನ ಗ್ರೀಕ್ ಅನುವಾದದಿಂದ ತಗೋತಾನೆ, ಆದ್ರೆ ಯೆಶಾಯನ ಹೀಬ್ರೂನಲ್ಲಿ ಅಲ್ಲಿರೋದು ರೂಆಖ್, ಅಂದ್ರೆ ಉಸಿರು, ಗಾಳಿ, ಆತ್ಮ! ಆತ್ಮನ ಕೆಲಸದ ಬಗ್ಗೆನೇ ಮಾತಾಡ್ತಿರೋ ಅಧ್ಯಾಯದ ಕೊನೇಲಿ "ನಮಗೆ ಕ್ರಿಸ್ತನ ನೂಸ್ ಇದೆ" ಅನ್ನೋವಾಗ ಆ ರೂಆಖ್ ಒಳಗಿಂದ ಬೀಸ್ತಾನೇ ಇದೆ ಅನ್ಸುತ್ತೆ ನನಗೆ. ಬುದ್ಧಿಗೂ ಅದು ಸಿಗಲ್ಲ, ಮನಸ್ಸಿಗೂ ಸಿಗಲ್ಲ. ಅಲ್ಲಿ ಮಾತ್ರ ಜಾಗ ಖಾಲಿ ಬಿಟ್ಟಿದೀನಿ.

ಕೊನೇ ವಾರ ಮೆಟನೋಯಾ ಪದ ತಗೊಂಡ್ವಿ, ಅದರ ಹೊಟ್ಟೇಲೂ ನೂಸ್ ಇದೆ, ನಾವು ಮಾನಸಾಂತರ ಅಂತೀವಿ, ಅಂದ್ರೆ ತಪ್ಪು ದಾರಿ ಬಿಟ್ಟು ದೇವರ ಕಡೆ ತಿರುಗೋದು. ಅಪ್ಪನ ಆಸ್ತಿ ಹಾಳು ಮಾಡ್ಕೊಂಡ ತಪ್ಪಿಹೋದ ಮಗನ ಕಥೆಗೆ ಬಂದಾಗ ಲೂಕ 15:17ರ ಗ್ರೀಕಲ್ಲಿ ಅವನು ಹಂದಿ ಕಾಯ್ತಾ "ತನ್ನೊಳಗೆ ಬಂದ" ಅಂತಷ್ಟೇ ಇದೆ, ನೂಸ್ ಸುದ್ದಿನೇ ಇಲ್ಲ. ಮೊದಲು ತಕರಾರು ತೆಗೆದಿದ್ದ ಆ ಆಂಟೀನೇ ಅವತ್ತು ಕಥೆ ಹೇಳಿದ್ದು, ಪುಸ್ತಕ ನೋಡದೇನೇ: "ಹೊಟ್ಟೆ ಕಾದಾಗ ಅವನಿಗೆ ಬುದ್ಧಿ ಬಂತು, ಎದ್ದು ಅಪ್ಪನ ಮನೆ ಕಡೆ ಹೊರಟ."