ಐಸ್ ಫಿಶಿಂಗ್ ಪ್ಯಾಕೇಜ್ ತಗೊಳ್ಳುವವರು ಡೆಡ್‌ಸ್ಟಿಕ್ ರಾಡ್ ನೋಡಿಕೊಂಡು ದುಡ್ಡು ಕೊಡಿ

ಈ ಚಳಿಗಾಲ ಅಮೆರಿಕದ ಮಿನ್ನೆಸೋಟದ ಲೇಕ್ ಆಫ್ ದ ವುಡ್ಸ್ ಕೆರೆಗೆ ಹೋಗಿ, ಹೆಪ್ಪುಗಟ್ಟಿದ ಐಸ್ ಮೇಲೆ ಫಿಶ್ ಹೌಸ್ (ಒಳಗೆ ಕೂತು ಮೀನು ಹಿಡಿಯುವ ಗುಡಿಸಲು) ಬಾಡಿಗೆಗೆ ಹಿಡಿದು, ವಾಲೈ ಮೀನಿಗೆ ಗಾಳ ಹಾಕೋಣ ಅಂದುಕೊಂಡಿದ್ದೀರಾ? ರಾಡ್, ದಾರ ಸುತ್ತುವ ರೀಲ್, ಎರೆಗೆ ಮೀನುಮರಿ ಎಲ್ಲ ಸೇರಿದ ಪ್ಯಾಕೇಜ್ ಅಂದ ಕೂಡಲೇ ದುಡ್ಡು ಕಟ್ಟಬೇಡಿ. ಡೆಡ್‌ಸ್ಟಿಕ್ (ಕೈಯಲ್ಲಿ ಹಿಡಿಯದೆ ಸುಮ್ನೆ ಇಟ್ಟುಬಿಡುವ ರಾಡ್) ಅಂತ ಏನು ಕೊಡುತ್ತಾರೆ ಅಂತ ಮೊದಲು ಕಣ್ಣಾರೆ ನೋಡಿ. ನಮಗೆ ಕೊಟ್ಟಿದ್ದು ಅದಲ್ಲ. ಒಂದು ರಾಡ್ ಕೆರೆಯ ಪಾಲಾಯಿತು, ಅದರ ಬೆಲೆಯನ್ನೂ ನಮ್ಮ ಡೆಪಾಸಿಟ್‌ನಿಂದಲೇ ಮುರಿದುಕೊಂಡರು.

ಹೊಸಬರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಮಿನ್ನೆಸೋಟದಲ್ಲಿ ಚಳಿಗಾಲದಲ್ಲಿ ಒಬ್ಬರು 2 ಗಾಳ ಬಿಡಬಹುದು. ಒಂದನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಕುಣಿಸುತ್ತಾ ಕೂರುತ್ತೇವೆ. ಇನ್ನೊಂದಕ್ಕೆ ಮಿನ್ನೋ ಅನ್ನುವ ಪುಟ್ಟ ಮೀನಿನ ಜೀವಂತ ಮರಿ ಚುಚ್ಚಿ, ಐಸ್‌ನಲ್ಲಿ ಕೊರೆದ ಪಕ್ಕದ ತೂತಿನಲ್ಲಿ ಸುಮ್ನೆ ಬಿಡುತ್ತೇವೆ. ಇದೇ ಡೆಡ್‌ಸ್ಟಿಕ್. ಕುಣಿತ ಕಂಡು ವಾಲೈ ಹತ್ತಿರ ಬರುತ್ತದೆ, ಆದರೆ ಅನುಮಾನದಲ್ಲಿ ನಿಂತುಬಿಡುತ್ತದೆ. ಆಗ ಪಕ್ಕದಲ್ಲೇ ಒದ್ದಾಡುವ ಮರಿಗೆ ಬಾಯಿ ಹಾಕುತ್ತದೆ. ಮೀನು ಸಪ್ಪಗಿರುವ ದಿನ ಈ ಎರಡನೇ ಗಾಳಕ್ಕೇ ಜಾಸ್ತಿ ಬೀಳುತ್ತದೆ.

ಹಾಗಾಗಿ ಈ ರಾಡಿನ ತುದಿ ತುಂಬಾ ಮೆತ್ತಗಿರಬೇಕು. ಮರಿ ಅಲುಗಿದರೆ ತುದಿಯೂ ಅಲುಗಬೇಕು. ಕೆಳಗಿನ ಅರ್ಧ ಮಾತ್ರ ಗಟ್ಟಿ ಇರಬೇಕು, ಇಲ್ಲದಿದ್ದರೆ ಗಾಳ ಮೀನಿನ ಬಾಯಿಗೆ ನಾಟುವುದಿಲ್ಲ. ಸಾಮಾನ್ಯವಾಗಿ 3 ಅಡಿ ಆಸುಪಾಸಿನ ಫೈಬರ್‌ಗ್ಲಾಸ್ ರಾಡ್ ಇದಕ್ಕೆ ಚೆನ್ನ. ನಮಗೆ ಕೊಟ್ಟಿದ್ದು ಕುಣಿಸುವುದಕ್ಕೇ ಮಾಡಿದ ಗಿಡ್ಡ, ಬಿರುಸು ರಾಡ್. ತುದಿ ಬಗ್ಗುತ್ತಲೇ ಇಲ್ಲವಲ್ಲ ಅಂತ ಕೇಳಿದರೆ, "ಬೆಂಡು ಕಟ್ಟಿದ್ದೀವಲ್ಲ, ಅದನ್ನ ನೋಡ್ತಾ ಇರಿ" ಅಂದ ಅಲ್ಲಿಯ ಹುಡುಗ. ಬೆಂಡು ಮುಳುಗುತ್ತಿತ್ತು, ಎತ್ತಿದರೆ ಮರಿ ಮಾತ್ರ ಜಜ್ಜಿಹೋಗಿರುತ್ತಿತ್ತು. ಬಿರುಸು ತುದಿಯ ಎಳೆತ ಬಾಯಿಗೆ ತಗುಲಿದ ಕೂಡಲೇ ಮೀನು ಉಗಿದು ಹೋಗುತ್ತದೆ. ಬೆಳಗ್ಗೆಯೆಲ್ಲ ಇದೇ ಕತೆ.

ಮಧ್ಯಾಹ್ನದ ಹೊತ್ತಿಗೆ ನಿಜವಾದ ಫಜೀತಿ. ರಾಡ್ ಇಡಲು ಹೋಲ್ಡರ್ ಇರಲಿಲ್ಲ, ಮಗುಚಿದ ಬಕೆಟ್ ಮೇಲೆ ಒರಗಿಸಿ ಹೋಗಿದ್ದರು. ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಎಷ್ಟು ಸುಲಭವಾಗಿ ಬಿಚ್ಚಿಕೊಳ್ಳಬೇಕು ಅಂತ ಹೊಂದಿಸುವ ಬಿಗಿ) ಪೂರ್ತಿ ಬಿಗಿ ಮಾಡಿ, "ಅದನ್ನ ಮುಟ್ಟಬೇಡಿ" ಅಂತಲೂ ಹೇಳಿದ್ದರು. ಭಾವ ಚಹಾ ಬಗ್ಗಿಸುತ್ತಿದ್ದರು. ಯಾವುದೋ ದೊಡ್ಡ ಮೀನು, ಪೈಕ್ ಇರಬೇಕು, ಒಂದೇ ಸಲ ಎಳೆಯಿತು. ದಾರ ಬಿಚ್ಚಿಕೊಳ್ಳಲು ಜಾಗವೇ ಇಲ್ಲ, ಇಡೀ ರಾಡೇ ಹೋಯಿತು. ಗಿಡ್ಡ ರಾಡ್ ಅಲ್ವಾ, ತೂತಿನಲ್ಲಿ ಸಲೀಸಾಗಿ ಇಳಿಯಿತು. ಆಮೇಲೆ ಆಫೀಸಿನಲ್ಲಿ ವಾದ ಮಾಡಿದ್ದಷ್ಟೇ ಬಂತು. "ಸಾಮಾನು ಕಳೆದರೆ ಗಿರಾಕಿಯ ಹೊಣೆ" ಅಂತ ಸಹಿ ಹಾಕಿಸಿಕೊಂಡಿದ್ದ ಕಾಗದ ತೋರಿಸಿದರು.

ಹೋಗುವ ಮುಂಚೆ ಇದಿಷ್ಟು ನೋಡಿಕೊಳ್ಳಿ. ಗಾಳಕ್ಕೆ ಮರಿಯಷ್ಟೇ ತೂಕದ ಏನಾದರೂ ಸಿಕ್ಕಿಸಿ ರಾಡ್ ಎತ್ತಿ, ತುದಿ ಬಾಗದಿದ್ದರೆ ವಾಪಸ್ ಕೊಡಿ. ರೀಲ್ ಬೇಟ್‌ಫೀಡರ್ ಥರದ್ದಾದರೆ ಒಳ್ಳೆಯದು, ಸಣ್ಣ ಲಿವರ್ ಒತ್ತಿಟ್ಟರೆ ಮೀನು ಎಳೆದಂತೆ ದಾರ ತಾನೇ ಬಿಚ್ಚಿಕೊಳ್ಳುತ್ತದೆ. ಅದಿಲ್ಲದಿದ್ದರೆ ಡ್ರ್ಯಾಗ್ ಸಡಿಲ ಬಿಡಿ, ಯಾರು ಏನೇ ಹೇಳಲಿ. ಹೋಲ್ಡರ್ ಗೋಡೆಗೋ ನೆಲಕ್ಕೋ ಭದ್ರವಾಗಿ ಕೂತಿರಬೇಕು. ದಾರ ಮಾನೋ, ಅಂದರೆ ಒಂದೇ ಎಳೆಯ ನೈಲಾನ್ ದಾರ, ಇರಲಿ. ಹೆಣೆದ ದಾರ ನೀರು ಕುಡಿಯುತ್ತದೆ, ಹೊರಗಿನ ಚಳಿಯಲ್ಲಿ ದಾರ ಹಾಯುವ ರಾಡಿನ ಬಳೆಗಳಲ್ಲೇ ಐಸ್ ಕಟ್ಟುತ್ತದೆ.

ಮರಿಯನ್ನು ಬೆನ್ನಿನ ರೆಕ್ಕೆಯ ಕೆಳಗೆ ಮೇಲುಮೇಲೆ ಚುಚ್ಚಿ. ಬೆನ್ನುಮೂಳೆಗೆ ತಾಗಿದರೆ ಸತ್ತುಹೋಗುತ್ತದೆ. ಗಾಳದಿಂದ ಒಂದಡಿ ಮೇಲೆ ಪುಟ್ಟ ಸೀಸದ ಗುಂಡು ಕಚ್ಚಿಸಿ, ಇಲ್ಲದಿದ್ದರೆ ಮರಿ ಬೇಕಾದ ಕಡೆ ಈಜಿ ಪಕ್ಕದ ದಾರಕ್ಕೆ ಸುತ್ತಿಕೊಳ್ಳುತ್ತದೆ. ತಳಕ್ಕಿಂತ ಒಂದು, ಒಂದೂವರೆ ಅಡಿ ಮೇಲೆ ನಿಲ್ಲಿಸಿ. ತುದಿ ಒಮ್ಮೆ ನಡುಗಿತು ಅಂತ ಎಳೆಯಬೇಡಿ, ಬಾಗಿ ಹಾಗೇ ನಿಂತಾಗ ಎತ್ತಿ.

ಇನ್ನು ಆ ಕಾಗದಕ್ಕೆ ಸಹಿ ಹಾಕುವ ಮುಂಚೆ ರಾಡ್, ರೀಲ್, ಹೋಲ್ಡರ್ ಮೂರರ ಫೋಟೋ ತೆಗೆದಿಟ್ಟುಕೊಳ್ಳಿ. ಹೋಲ್ಡರ್ ಇಲ್ಲದಿದ್ದರೆ "ಹೋಲ್ಡರ್ ಕೊಟ್ಟಿಲ್ಲ" ಅಂತ ಅದೇ ಕಾಗದದ ಮೇಲೆ ಅವರ ಕೈಯಲ್ಲೇ ಬರೆಸಿ.